ನೆತ್ತರಿನ ತಾಮ್ರ

"ತಾಮ್ರವಾ?" ಲೋಕನಾಥ ಕೇಳಿದ. "ಪಾತ್ರೆಯ ತಾಮ್ರವಾ ಡಾಕ್ಟ್ರೇ?"

"ಅದೇ. ಎಲ್ಲರ ರಕ್ತದಲ್ಲೂ ಚೂರು ಉಂಟು," ಎಂದರು ಡಾಕ್ಟರ್ ಇರ್ಷಾದ್, ಮಂಗಳೂರಿನಿಂದ ಬಂದ ರಿಪೋರ್ಟನ್ನು ಅವನತ್ತ ತಿರುಗಿಸಿ. "ಊಟದಲ್ಲೇ ಬರ್ತದೆ. ಲಿವರ್ ಅದನ್ನು ಒಂದು ಪ್ರೋಟೀನಿಗೆ ಕಟ್ಟಿ ರಕ್ತಕ್ಕೆ ಬಿಡ್ತದೆ, ಹೆಚ್ಚಾದದ್ದನ್ನು ಪಿತ್ತದಲ್ಲಿ ಹೊರಗೆ ಹಾಕ್ತದೆ. ಸುರಕ್ಷಾಳ ಲಿವರಿಗೆ ಆ ಎರಡೂ ಕೆಲಸ ಬರುವುದಿಲ್ಲ. ಆ ಪ್ರೋಟೀನು ಇಪ್ಪತ್ತಾದರೂ ಇರಬೇಕಿತ್ತು, ಅವಳಿಗೆ ಇರುವುದು ಆರು. ಹೊರಗೆ ಹೋಗದ ತಾಮ್ರ ಲಿವರಿನಲ್ಲಿ ಕೂತುಕೊಳ್ತದೆ, ಆಮೇಲೆ ಮಿದುಳಿಗೂ ಹೋಗ್ತದೆ. ಹುಟ್ಟುವಾಗಲೇ ಬಂದ ಕಾಯಿಲೆ."

ಗುರುವಾಯನಕೆರೆಯಲ್ಲಿ ಹೋಟೆಲಿಟ್ಟು ಇಪ್ಪತ್ತು ವರ್ಷ ಗಿರಾಕಿಗಳಿಗೆಲ್ಲ ಬುದ್ಧಿ ಹೇಳುತ್ತ ಬಂದ ಲೋಕನಾಥ, ಬಿ.ಸಿ.ರೋಡಿನ ಆ ಕ್ಲಿನಿಕ್ಕಿನಲ್ಲಿ ಶಾಲೆಯ ಹುಡುಗನ ಹಾಗೆ ಕೈಕಟ್ಟಿ ಕುಳಿತಿದ್ದ. ಅವನಿಗೆ ಕೇಳಬೇಕಾದದ್ದು ಒಂದೇ.

"ಮಗಳು ಉಳಿತಾಳಾ?"

"ಉಳಿತಾಳೆ. ಬೇಗ ಸಿಕ್ಕಿದೆ. ಜ್ವರಕ್ಕೆಂದು ರಕ್ತ ನೋಡದಿದ್ದರೆ ಗೊತ್ತೇ ಆಗ್ತಿರಲಿಲ್ಲ. ಜೀವಮಾನ ಇಡೀ ಮಾತ್ರೆ ತಪ್ಪಿಸಬಾರದು, ಅಷ್ಟೆ." ಡಾಕ್ಟರು ಪೆನ್ನು ತೆಗೆದರು. "ಇದು ಒಡಹುಟ್ಟಿದವರಲ್ಲೂ ಇರಬಹುದು ಲೋಕಣ್ಣ. ಅವಳ ಅಣ್ಣ ತೀರಿಹೋದದ್ದು ಯಾವುದರಲ್ಲಿ?"

ರೂಢಿಯ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಕುಡಿದು. ಎರಡು ವರ್ಷದಿಂದ ಕೇಳಿದವರಿಗೆಲ್ಲ, ಕೇಳದವರಿಗೂ, ಅವನು ಹೇಳಿಕೊಂಡು ಬಂದದ್ದು ಅದನ್ನೇ.

"ಕೈ ನಡುಗ್ತಿತ್ತು," ಎಂದ. "ಮಾತು ತೊದಲ್ತಿತ್ತು. ಕೊನೆಗೆ ಮೈ ಹಳದಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿತು. ಹತ್ತೊಂಬತ್ತು ಅವನಿಗೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದರು. "ಅವನದ್ದೂ ಇದೇ ಇರಬೇಕು ಲೋಕಣ್ಣ," ಎಂದರು.

ಮಗ ಶೋಧನನ ಕೈಯಿಂದ ಮೊದಲ ತಟ್ಟೆ ಬಿದ್ದ ದಿನವೇ ಲೋಕನಾಥ ತೀರ್ಪು ಕೊಟ್ಟಾಗಿತ್ತು. ಯಾರು ಎಷ್ಟು ಕುಡಿದು ಬಂದಿದ್ದಾರೆಂದು ಹೋಟೆಲಿನ ಬಾಗಿಲಲ್ಲೇ ಹೇಳಬಲ್ಲೆನೆಂಬ ಜಂಬ ಅವನದು. "ಇಲ್ಲ ಪಪ್ಪ, ನಾನು ಮುಟ್ಟಿಲ್ಲ" ಎಂದ ಮಗನನ್ನು ಮನೆಯ ದೈವದ ಎದುರು ನಿಲ್ಲಿಸಿ ಪ್ರಮಾಣ ಮಾಡಿಸಿದ. ಅಲ್ಲಿಯೂ ಹುಡುಗ ತೊದಲಿದ. ಸುಳ್ಳು ಹೇಳುವ ನಾಲಿಗೆಯನ್ನು ದೈವವೇ ಹಿಡಿಯಿತೆಂದು ಲೋಕನಾಥ ನಂಬಿದ. ಆಮೇಲೆ ಆಸ್ಪತ್ರೆಗೆ ಸೇರಿಸುವಾಗ ಕುಡಿಯುವ ಅಭ್ಯಾಸ ಉಂಟಾ ಎಂದು ಅಲ್ಲಿಯವರು ಕೇಳಿದರು. ಮಗ ಬಾಯಿ ತೆರೆಯುವ ಮೊದಲೇ ಅಪ್ಪ "ಉಂಟು" ಎಂದ. ಅವರು ಅದನ್ನೇ ಬರೆದುಕೊಂಡರು. ಶೋಧನ ಒಮ್ಮೆ ಅಪ್ಪನ ಮುಖ ನೋಡಿ ಗೋಡೆಯ ಕಡೆ ತಿರುಗಿ ಮಲಗಿದ. ಲೋಕನಾಥನಿಗೆ ಈಗ ಆ ಬೆನ್ನು ನೆನಪಾಯಿತು.

ಮಗಳ ವಿಷಯ ಮಾತ್ರ ಹೇಳಿದರೆ ಸಾಕು, ಉಳಿದದ್ದು ಹೆಂಡತಿಗೆ ಗೊತ್ತಾಗಲಿಕ್ಕಿಲ್ಲ ಎಂಬ ಯೋಚನೆ ಮೆಟ್ಟಿಲಿಳಿಯುವಾಗ ಅವನಿಗೆ ಬರಲಿಲ್ಲವೆಂದರೆ ಸುಳ್ಳಾದೀತು. ಕೆಳಗೆ ಮದ್ದಿನಂಗಡಿಯ ಬದಿಯಲ್ಲಿ ನೀಲಾವತಿ ನಿಂತಿದ್ದಳು. ಒಂಬತ್ತನೇ ಕ್ಲಾಸಿನ ಸುರಕ್ಷಾ ಆಗಲೇ ಓಡಿಹೋಗಿ ಬಸ್ಸಿನಲ್ಲಿ ಸೀಟು ಹಿಡಿದಿದ್ದಳು.

"ಅವಳಿಗೆ ಮದ್ದು ಉಂಟು. ಹೆದರುವುದು ಬೇಡ," ಎಂದ. "ಶೋಧನನಿಗೂ ಇದೇ ಆದದ್ದು. ಅವನು ಕುಡೀತಿರಲಿಲ್ಲ."

ನೀಲಾವತಿ ಅಳಲಿಲ್ಲ. ರಿಪೋರ್ಟನ್ನು ಅವನ ಕೈಯಿಂದ ತೆಗೆದು ಮಡಚಿ ಚೀಲಕ್ಕೆ ಹಾಕಿದಳು.

"ಅವನ ಉತ್ತರಕ್ರಿಯೆಯ ಬೊಜ್ಜದ ದಿನ, ಸತ್ತವನಿಗೆ ಇಷ್ಟದ್ದು ಬಡಿಸಬೇಕೆಂದು ನೀವು ಅವನ ಎಲೆಯ ಹತ್ತಿರ ಬ್ರಾಂಡಿ ಬಾಟ್ಲಿ ಇಟ್ಟಿರಿ," ಎಂದಳು.

ಅವನು ತಲೆ ತಗ್ಗಿಸಿದ. ಬೆಳ್ತಂಗಡಿಗೆ ಹೋಗಿ ತಾನೇ ತಂದದ್ದು, ನೆಂಟರೆಲ್ಲ ನೋಡಲೆಂದೇ ಇಟ್ಟದ್ದು.

"ಸತ್ತವನು ಉಣ್ಣಲಿ ಅಂತ ಬಾಗಿಲು ಎಳೀತಾರಲ್ಲ, ಅದಕ್ಕೆ ಮೊದಲು ನಾನು ಒಳಗೆ ಹೋದೆ. ಬಾಟ್ಲಿಯನ್ನು ಸೆರಗಿನಲ್ಲಿ ಮುಚ್ಚಿ ತಂದೆ. ಒಂದು ಲೋಟ ಬಾದಾಮಿ ಹಾಲು ಇಟ್ಟೆ. ಆಮೇಲೆ ಎಲೆ ತೆಗೆದದ್ದೂ ನಾನೇ."

"ಅವನು ಕುಡೀತಿರಲಿಲ್ಲ ಅಂತ ನನಗೆ ಯಾಕೆ ಹೇಳಲಿಲ್ಲ ನೀನು?"

"ಅವನು ಹೇಳಿದ್ದನಲ್ಲ ನಿಮಗೆ."

ಡ್ರೈವರ್ ಹಾರ್ನ್ ಹಾಕಿದ. ಕಿಟಕಿಯಿಂದ ಸುರಕ್ಷಾ ಕೈಬೀಸಿ ಅಮ್ಮನನ್ನು ಕರೆದಳು. ನೀಲಾವತಿ ಹೋಗಿ ಮಗಳ ಪಕ್ಕ ಕುಳಿತಳು. ಲೋಕನಾಥ ಹಿಂದಿನ ಬಾಗಿಲಲ್ಲಿ ಹತ್ತಿದ. ಹಿಂದೆ ಸೀಟುಗಳು ಖಾಲಿಯಿದ್ದವು, ಕೂತುಕೊಳ್ಳಲು ಕಂಡಕ್ಟರ್ ಎರಡು ಸಲ ಹೇಳಿದ. ಬಂಟ್ವಾಳ ದಾಟಿದ ಮೇಲೂ ಅವನು ಕಂಬ ಹಿಡಿದು ನಿಂತೇ ಇದ್ದ.