ಇಬ್ಬರನ್ನು ಕೂಡಿಸಿ ಒಬ್ಬಳು

"ಏಯ್ ಮುಂಡೆ, ಹಗಲುಗನಸು ಕಾಣ್ತಿದೀಯಾ? ಆ ಕಲೆ ಹೋಗ್ಲಿಲ್ಲಾಂದ್ರೆ ಆ ಬೆಡ್‌ಶೀಟ್ ನಿನ್ನ ಹೆಣಕ್ಕೇ ಸುತ್ತಿಸ್ತೀನಿ ನೋಡು!"

ಹೀಗೆ ಕಿರುಚಿದವನು ನಮ್ಮ ಮೇಸ್ತ್ರಿ. ಕತ್ತಿನಲ್ಲಿ ಸದಾ ವಿಷಲ್ ನೇತುಹಾಕಿಕೊಂಡಿರುತ್ತಾನೆಂದು ಬೆನ್ನ ಹಿಂದೆ ಅವನನ್ನು ನಾವು ಪೀಪಿ ಎನ್ನುತ್ತೇವೆ. ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ರಕ್ತ, ಕೀವು, ಹೆರಿಗೆಯ ಹೊಲಸು, ಎಲ್ಲವೂ ಮೊದಲು ನನ್ನ ಕೈಗೆ ಬಂದು ಆಮೇಲೆ ಮಷೀನಿಗೆ ಹೋಗುತ್ತದೆ. ರಕ್ತಕ್ಕೆ ತಣ್ಣೀರೇ ಆಗಬೇಕು. ಬಿಸಿನೀರು ಬಿತ್ತೋ, ಕಲೆ ಕಚ್ಚಿಕೊಂಡು ಬಿಡುತ್ತದೆ, ಬಟ್ಟೆ ಹರಿದರೂ ಅದು ಹೋಗುವುದಿಲ್ಲ. ಪೀಪಿಗೆ ಇಷ್ಟೂ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಬಾಯಿ ಮಾಡುವುದು, ಕಾಂಪೌಂಡಿನ ಗೇಟಿಗೆ ಬೀಗ ಹಾಕುವುದು, ತೆಗೆಯುವುದು. ಬಾಯ್ಲರಿನ ಗೋಡೆಗೆ ಅಂಟಿಕೊಂಡ ಕೋಣೆಗಳಲ್ಲೇ ನಮ್ಮೆಲ್ಲರ ಸಂಸಾರ. ಹಾಗಾಗಿ ಅವನು ಬೀಗ ತೆಗೆದರೆ ನಮಗೆ ಬೆಳಗಾಯಿತು ಎಂದು ಅರ್ಥ.

ಅವತ್ತು ನಾನು ಕನಸು ಕಾಣುತ್ತಿದ್ದುದು ಸುಳ್ಳಲ್ಲ. ನನ್ನ ಹೆಣ್ಣುಮಕ್ಕಳಿಬ್ಬರೂ ಬರೆದಿದ್ದ ಕಾಲೇಜು ಸೇರುವ ಪರೀಕ್ಷೆಯ ಫಲಿತಾಂಶ ಬಂದಿತ್ತು.

ಇಬ್ಬರೂ ಓದುವುದು ಒಂದೇ ತರಗತಿ, ಇಸ್ತ್ರಿ ಮಷೀನಿನ ಮುಂದೆ ಇಬ್ಬರಿಗೂ ಸೇರಿ ಒಂದೇ ಕೆಲಸ. ಸೋಮವಾರ, ಬುಧವಾರ, ಶುಕ್ರವಾರ ದೊಡ್ಡವಳು ಶಾಲೆಗೆ ಹೋಗುತ್ತಾಳೆ, ಚಿಕ್ಕವಳು ಆವಿಯಲ್ಲಿ ಬೇಯುತ್ತಾಳೆ. ಉಳಿದ ದಿನ ಅದಲುಬದಲು. ಶಾಲೆಯವರು ಯಾವ ದಿನ ಯಾವ ಪಾಠ ಇಟ್ಟಿದ್ದರೋ ಅದೇ ಇವರ ಹಣೆಬರಹವಾಯಿತು. ಗಣಿತ, ಭೌತಶಾಸ್ತ್ರ ದೊಡ್ಡವಳ ಪಾಲಿಗೆ ಬಂದವು. ರಸಾಯನಶಾಸ್ತ್ರ, ಜೀವಶಾಸ್ತ್ರ ಚಿಕ್ಕವಳಿಗೆ. ಪರೀಕ್ಷೆಯಲ್ಲೂ ಹಾಗೇ ಆಯಿತು. ತನ್ನ ಎರಡರಲ್ಲಿ ಒಬ್ಬೊಬ್ಬಳೂ ಎಲ್ಲರಿಗಿಂತ ಮುಂದೆ, ಇನ್ನೆರಡರಲ್ಲಿ ನೆಲ ಕಚ್ಚಿದ್ದರು.

ಫೀಸಿಲ್ಲದೆ, ಹಾಸ್ಟೆಲ್ ಕೊಟ್ಟು ಓದಿಸುವ ಕಾಲೇಜು ಅದೊಂದೇ. ಒಳ್ಳೆಯ ಕಾಲೇಜೂ ಅದೊಂದೇ ಆದ್ದರಿಂದ ಉಳ್ಳವರಿಗೂ ಅದೇ ಬೇಕು. ನಾವು ಮೂವರೂ ಹೋದಾಗ ಆಫೀಸಿನ ಒಳ್ಳೆಯ ಕುರ್ಚಿಯಲ್ಲಿ ನಮ್ಮ ಕಾರ್ಖಾನೆಯ ಧಣಿ ಕೂತು ಚಹಾ ಕುಡಿಯುತ್ತಿದ್ದರು. ಅವರ ಮಗನೂ ಬರೆದಿದ್ದ.

ಗುಮಾಸ್ತ ತಲೆಯೆತ್ತದೆ ಹೇಳಿದ: "ನೋಡಮ್ಮ, ವರ್ಷಕ್ಕೆ ಮೂರು ಸಲ ಪರೀಕ್ಷೆ. ಮೂರೂ ಬರೀಬಹುದು. ಒಂದೊಂದು ವಿಷಯದಲ್ಲಿ ಯಾವತ್ತು ಜಾಸ್ತಿ ಬಂದಿದೆಯೋ ಅದನ್ನಷ್ಟೇ ಎತ್ಕೊಂಡು ಕೂಡಿಸ್ತೀವಿ. ಕಡಿಮೆ ಬಂದಿದ್ದು ಲೆಕ್ಕಕ್ಕಿಲ್ಲ."

ನನಗೆ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ ಸರಿಹೋಯ್ತು ಬಿಡಿ ಸ್ವಾಮಿ! ಇವಳದ್ದು ಎರಡು ಎತ್ಕೊಳ್ಳಿ, ಅವಳದ್ದು ಎರಡು ಎತ್ಕೊಳ್ಳಿ. ಕೂಡಿಸಿ. ಇಬ್ರಿಗೂ ಸೇರಿ ಒಂದೇ ಸೀಟು ಸಾಕು. ಕೆಲಸಕ್ಕೆ ಬರೋ ಹಾಗೇ ದಿನ ಬಿಟ್ಟು ದಿನ ಬರ್ತಾರೆ."

ಗುಮಾಸ್ತ ಮೇಜು ಬಡಿದು ನಕ್ಕ. ಧಣಿಗಳಿಗೆ ಚಹಾ ನೆತ್ತಿಗೇರಿತು.

"ಮಾರ್ಕ್ಸು ಅಂದ್ರೆ ನಿನ್ನ ಮೈಲಿಗೆ ಗಂಟು ಅನ್ಕೊಂಡ್ಯೇನೇ, ಎರಡು ಸೇರಿಸಿ ಒಂದು ಕಟ್ಟೋಕೆ? ಇಬ್ರನ್ನ ಅಲ್ಲ, ನಿನ್ನ ವಂಶಾನೇ ಕೂಡಿಸಿದ್ರೂ ನನ್ನ ಮಗನ ಚಪ್ಪಲಿಗೆ ಸಮ ಆಗಲ್ಲ."

ನಾನು ನೆಲ ನೋಡಿದೆ. ದೊಡ್ಡವಳು ನೋಡಲಿಲ್ಲ. ಅವಳ ನಾಲಿಗೆ ನನ್ನದೇ.

"ನಿಮ್ಮ ಮಗ ಎರಡು ಸಲ ಬರ್ದಿದಾರೆ ಧಣಿ. ಎರಡು ದಿನದ ಇಬ್ರು ಹುಡುಗ್ರನ್ನ ಕೂಡಿಸಿ ಒಬ್ರನ್ನ ಮಾಡಿದಾರೆ. ನಾವು ಹುಟ್ಟಿದಾಗಿಂದ ಒಂದೇ ಕೆಲಸ, ಒಂದೇ ಹಾಸಿಗೆ, ಒಂದೇ ಜೊತೆ ಚಪ್ಪಲಿ. ನಮ್ಮನ್ನ ಯಾಕೆ ಕೂಡಿಸಬಾರ್ದು?"

"ಬಾಯಿ ಮುಚ್ಚು, ದರಿದ್ರದವಳೇ!"

ಅಷ್ಟು ಹೊತ್ತು ಗೋಡೆಗೆ ಅಂಟಿ ನಿಂತಿದ್ದ ಚಿಕ್ಕವಳು ಅಕ್ಕನ ಸೆರಗು ಜಗ್ಗಿದಳು. "ಅಕ್ಕ, ಇನ್ನೊಂದು ಸಲ ಇದೆಯಲ್ಲ. ನಿಂದೆರಡು ಬಿಟ್ಟುಬಿಡು, ನಂದೆರಡನ್ನೇ ಓದು. ನಾನು ನಿಂದೆರಡು ಓದ್ತೀನಿ. ಚೆನ್ನಾಗಿ ಬಂದಿದ್ದು ಹೇಗೂ ಹೋಗಲ್ವಂತೆ."

ಧಣಿಗಳ ಬೈಗುಳ ನಿಂತಿತು. ಬಟ್ಟಲು ಕೆಳಗಿಟ್ಟು ಗುಮಾಸ್ತನ ಮುಖ ನೋಡಿದರು. "ಹಾಗೆ ಆಗುತ್ತಾ?"

"ಆಗುತ್ತೆ ಸಾರ್. ಹಾಗೇನಾದ್ರೂ ಬಂದ್ರೆ ಇಬ್ರೂ ನಿಮ್ಮ ಹುಡುಗನ್ನ ದಾಟಿ ಹೋಗ್ತಾರೆ. ನಿಮ್ಮ ಹುಡುಗ ಇರೋದೇ ಕೊನೇ ಸೀಟಲ್ಲಿ."

ಅವತ್ತಿನಿಂದ ಧಣಿಗಳ ಬಾಯಲ್ಲಿ ಬೆಣ್ಣೆ. ಇಸ್ತ್ರಿ ಮಷೀನಿನ ಹತ್ತಿರ ನಿಂತು "ಓದ್ತಿದೀರೇನ್ರೇ? ಓದಿ, ಓದಿ" ಎನ್ನುತ್ತಿದ್ದರು. ಪೀಪಿಯ ಬಾಯಿಂದ ಬೈಗುಳವೇ ಬರದಾಯಿತು. ಬೈಗುಳಕ್ಕೆ ನಾನು ಹೆದರಿದವಳಲ್ಲ, ಈ ಮೌನಕ್ಕೆ ಹೆದರಿದೆ. ಮಕ್ಕಳು ಮಾತ್ರ ಶಾಲೆ ಬಿಟ್ಟ ಮೇಲೆ ಮಷೀನಿನ ಸದ್ದನ್ನೂ ಮೀರಿ ಒಬ್ಬರಿಗೊಬ್ಬರು ಕೂಗಿ ಕೂಗಿ ಪಾಠ ಒಪ್ಪಿಸಿದರು. ಆವಿಯ ಒಳಗಿಂದ ಹೃದಯದ ಕವಾಟಗಳೂ ಬೆಳಕಿನ ವೇಗವೂ ಬಂದು ನನ್ನ ಕಿವಿಗೆ ಬೀಳುತ್ತಿದ್ದವು. ಅರ್ಥವಾಗದಿದ್ದರೂ ಹಿತವಾಗಿತ್ತು. ಪರೀಕ್ಷೆಯ ಹಿಂದಿನ ದಿನ ಗೇಟಿಗೆ ಹೊಸ ಬೀಗ ಬಂತು.

ಬೆಳಿಗ್ಗೆ ಮಕ್ಕಳು ತಲೆ ಬಾಚಿ ಗೇಟಿನ ಹತ್ತಿರ ನಿಂತರು. ಗೇಟಿನ ಆಚೆ ಪೀಪಿ ಕುರ್ಚಿ ಹಾಕಿಕೊಂಡು ಕೂತಿದ್ದ. ಬೀಗದ ಕೈ ಅವನ ಬೆರಳಲ್ಲಿ ತಿರುಗುತ್ತಿತ್ತು.

"ಆಸ್ಪತ್ರೆ ಬಟ್ಟೆ ಕಳುವಾಗಿದೆ. ಧಣಿ ಬಂದು ಎಲ್ರ ಕೋಣೆ ನೋಡೋವರ್ಗೂ ಒಂದು ನಾಯೀನೂ ಹೊರಗೆ ಹೋಗ್ಬಾರ್ದು."

"ಅಣ್ಣ, ಪರೀಕ್ಷೆ ಇದೆ ಕಣಣ್ಣ," ಎಂದಳು ಚಿಕ್ಕವಳು.

"ಧಣಿ ಮಗನಿಗೂ ಇದೆ. ಅವ್ರನ್ನ ಬಿಟ್ಟು ಬರ್ತಾರೆ. ಕಾಯಿ."

ನಾನು ಬೇಡಿದೆ, ಕಾಲಿಗೆ ಬೀಳುತ್ತೇನೆಂದೆ, ಆಮೇಲೆ ಬೋಳಿಮಗನೇ ಎಂದೆ. ಅವನು ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂತ.

ಒಣಗಿಸುವ ಮಷೀನಿನ ಕುಳ್ಳಿ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಹೋಗಿ, ಆಸ್ಪತ್ರೆಗೆ ಹೋಗಬೇಕಿದ್ದ ಇಸ್ತ್ರಿಯಾದ ಬೆಡ್‌ಶೀಟಿನ ಗಂಟೊಂದನ್ನು ತಲೆಯ ಮೇಲೆ ಹೊತ್ತು ತಂದು ಕಾಂಪೌಂಡಿನ ಹಿಂದಿನ ಗೋಡೆಯ ಬುಡಕ್ಕೆ ದೊಪ್ಪನೆ ಎಸೆದಳು.

"ಏನ್ರೇ ನೋಡ್ತೀರಾ? ಹೊತ್ಕೊಂಡ್ ಬನ್ರೇ!"

ಮಷೀನುಗಳು ಒಂದೊಂದಾಗಿ ನಿಂತವು. ಗಂಟಿನ ಮೇಲೆ ಗಂಟು ಬಿತ್ತು. ನಾವು ಒಗೆದು, ಒಣಗಿಸಿ, ಮಡಿಸಿದ್ದ ಅಷ್ಟೂ ಬಿಳುಪನ್ನು ಮಣ್ಣಿನಲ್ಲಿ ಒಟ್ಟಿ ಗೋಡೆಯೆತ್ತರಕ್ಕೆ ಮೆಟ್ಟಿಲು ಮಾಡಿದೆವು. ಗೋಡೆಯ ಮೇಲೆ ಉದ್ದಕ್ಕೂ ಗಾಜಿನ ಚೂರು ನೆಟ್ಟಿದ್ದರು. ನಾನು ಒಂದು ಬೆಡ್‌ಶೀಟನ್ನು ಮಡಚಿ ಅದರ ಮೇಲೆ ಹೊದಿಸಿದೆ. ಇನ್ನೆರಡು ಮಡಿಕೆ ಹಾಕಬೇಕಿತ್ತು. ಅಷ್ಟರಲ್ಲಿ ಗೇಟಿನ ಕಡೆಯಿಂದ ಪೀಪಿಯ ವಿಷಲ್ ಕೇಳಿತು.

"ಹತ್ರೇ!" ಎಂದೆ.

ಮುಂದೆ ದೊಡ್ಡವಳು, ಹಿಂದೆ ಚಿಕ್ಕವಳು. ಒಬ್ಬಳು "ಅಮ್ಮಾ" ಎಂದಳು. ಆಚೆ ಬಿದ್ದ ಸದ್ದು ಕೇಳಿತು, ಆಮೇಲೆ ಓಡಿದ ಸದ್ದು.

ಧಣಿಗಳು ಮಗನನ್ನು ಬಿಟ್ಟು ಬಂದಾಗ ನಾವೆಲ್ಲ ಗಂಟುಗಳ ಮೇಲೇ ಕೂತಿದ್ದೆವು. ಯಾರೂ ಏಳಲಿಲ್ಲ. ಗೋಡೆಯ ಮೇಲಿನ ಬೆಡ್‌ಶೀಟನ್ನು ಅವರೇ ಎಳೆದು ನನ್ನ ಮುಖಕ್ಕೆ ಬಿಸಾಡಿದರು.

"ನಡಿಯೇ ಒಳಗೆ! ನನ್ನ ಕಣ್ಣೆದುರಿಗೇ ತೊಳಿ. ಇದರಲ್ಲಿ ಒಂದು ಚುಕ್ಕೆ ಉಳಿದ್ರೂ ಇವತ್ತೇ ನಿನ್ನ ಪಾತ್ರೆ ಪಗಡ ಬೀದಿಗೆ."

ತೊಟ್ಟಿಯ ಮುಂದೆ ನಿಂತು ಬಟ್ಟೆ ಬಿಡಿಸಿದೆ. ನಡುಮಧ್ಯೆ ಒಂದು ಹಸ್ತ ಕೆಂಪಗೆ ಒತ್ತಿತ್ತು. ಐದೂ ಬೆರಳು ತಿಳಿಯುತ್ತಿದ್ದವು. ಅದರ ಮೇಲೆ ನನ್ನ ಎಡಗೈ ಇಟ್ಟು ನೋಡಿದೆ, ಕೂರಲಿಲ್ಲ. ಬಲಗೈ ಸರಿಯಾಗಿ ಕೂತಿತು, ಬರೆಯುವ ಕೈ. ಯಾವಳ ಕೈಯೆಂದು ತಿಳಿಯಲಿಲ್ಲ. ಅಷ್ಟು ಹೊತ್ತಿಗೆ ಅಲ್ಲಿ ಪ್ರಶ್ನೆಪತ್ರಿಕೆ ಹಂಚಿರಬೇಕು.

"ಉಜ್ಜೇ!" ಎಂದರು ಧಣಿ ಹಿಂದಿನಿಂದ.

ನಾನು ಬೆಡ್‌ಶೀಟನ್ನು ತೊಟ್ಟಿಯಲ್ಲಿ ಹರಡಿ, ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದೆ.