ಗೊಬ್ಬರದ ಕೋಣೆ

2025ರ ಫೆಬ್ರವರಿ 9, ಭಾನುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ನನ್ನ ಮಗಳು ಅಶ್ವಿತಾ ಸುಳ್ಯದ ಗಂಡನ ಮನೆಯಿಂದ ಫೋನ್ ಮಾಡಿದಳು. ನಾನು ಕಣದಲ್ಲಿ ಹರಡಿದ್ದ ಕಾಫಿಯ ತೇವಾಂಶ ನೋಡುತ್ತಿದ್ದೆ. ಮೀಟರು ಹದಿಮೂರೂವರೆ ತೋರಿಸುತ್ತಿತ್ತು, ಇನ್ನೂ ಎರಡು ದಿನದ ಬಿಸಿಲು ಬೇಕಿತ್ತು.

ಹೆರಿಗೆಗೆ ಡಾಕ್ಟರು ಜೂನ್ ಮಧ್ಯದ ದಿನ ಕೊಟ್ಟಿದ್ದಾರೆ ಎಂದಳು. ಹಿಂದೆಯೇ ಹೇಳಿದಳು: "ಅಪ್ಪ, ಬಾಣಂತನ ಇಲ್ಲೇ ಆಗ್ಲಿ ಅಂತ ಅತ್ತೆ ಹೇಳ್ತಾರೆ. ಅಲ್ಲಿ ಮನೇಲಿ ಹೆಂಗಸರಿಲ್ಲ, ಮಳೆಗಾಲ ಬೇರೆ, ಕೂಸಿಗೆ ಥಂಡಿ ಹಿಡಿದ್ರೆ ಏನು ಗತಿ ಅಂತ."

"ಯಮುನತ್ತೆ ಇದ್ದಾಳಲ್ಲ."

"ಅದನ್ನೂ ಹೇಳ್ದೆ. ಮೇ ತಿಂಗಳಲ್ಲಿ ಬಂದು ಕೋಣೆ ನೋಡ್ತಾರಂತೆ. ಸರಿ ಕಂಡ್ರೆ ಕಳಿಸ್ತಾರಂತೆ." ಆಮೇಲೆ ದನಿ ತಗ್ಗಿಸಿ, "ನಂಗೆ ಮನೆಗೇ ಬರೊಕು, ಅಪ್ಪ," ಎಂದಳು.

ಅವಳ ತಾಯಿ ಕುಸುಮಾ ತೀರಿಕೊಂಡು ಆರು ವರ್ಷವಾಗಿತ್ತು. ಕಕ್ಕಬೆಯ ಕೆಳಗಿನ ಈ ಮನೆಯಲ್ಲಿ ನಾನೊಬ್ಬನೇ. ಗದ್ದೆಯಾಚೆ ನನ್ನ ಅಕ್ಕ ಯಮುನಳ ಮನೆ. ಅವಳು ದಿನಕ್ಕೆ ಎರಡು ಸಲ ಬಂದು ಹೋಗುತ್ತಾಳೆ, ಮೂರನೆಯ ಸಲ ಬೈಯಲು ಬರುತ್ತಾಳೆ. ನಾನು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಬೀಜದ ತೇವಾಂಶ ಮತ್ತು ದೋಷಗಳನ್ನು ಅಳೆದು ನಿವೃತ್ತನಾದವನು. ಒಂದು ಕೋಣೆಯನ್ನು ಸರಿಮಾಡುವುದು ನನ್ನಿಂದ ಆಗದ ಕೆಲಸ ಎಂದು ನನಗೆ ಅನಿಸಲಿಲ್ಲ.

ಯಾವ ಕೋಣೆ ಎನ್ನುವುದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಮುಂದಿನದು ಬಂದವರಿಗೆ, ಮಹಡಿಯದು ನನ್ನದು, ಮೆಟ್ಟಿಲು ಹತ್ತುವುದು ಬಾಣಂತಿಗೆ ಆಗದು. ಬಚ್ಚಲಿನ ಪಕ್ಕದ್ದು ನನ್ನ ಬೀಜದ ಸ್ಯಾಂಪಲ್ ಕೋಣೆ. ಉಳಿದದ್ದು ಅಡುಗೆಮನೆಗೆ ತಾಗಿದ ಗೊಬ್ಬರದ ಕೋಣೆ. ಪೂರ್ವಕ್ಕೆ ಒಂದು ಒಳ್ಳೆಯ ಕಿಟಕಿ, ಉದ್ದ ಮೂರು ಮೀಟರ್ ಅರವತ್ತು, ಅಗಲ ಮೂರು ಮೀಟರ್ ಹತ್ತು. ಇಪ್ಪತ್ತಾರು ವರ್ಷ ಅದರಲ್ಲಿ ತೋಟಕ್ಕೆ ಹಾಕುವ ಯೂರಿಯ ಮತ್ತು ಪೊಟ್ಯಾಷ್ ಮೂಟೆಗಳನ್ನು ಗೋಡೆಗೆ ಒತ್ತಿ ಪೇರಿಸುತ್ತಿದ್ದೆವು. ಮೂಟೆಗಳನ್ನು ಶೆಡ್ಡಿಗೆ ಸಾಗಿಸಿ, ಗೋಡೆಯನ್ನು ಮೂರು ಸಲ ನೀರು ಹಾಕಿ ಉಜ್ಜಿ ತೊಳೆದೆ. ವಾಸನೆ ಹೋಯಿತು.

ಅಲ್ಲಿಂದ ಮುಂದೆ ತೊಂದರೆ ಶುರುವಾಯಿತು. ಬೀಜದ ವಿಷಯದಲ್ಲಿ ಸರಿ ಯಾವುದು ತಪ್ಪು ಯಾವುದು ಎಂದು ಹೇಳುವ ಅಂಕಿ ಇರುತ್ತದೆ. ಬಣ್ಣದ, ಪರದೆಯ ವಿಷಯದಲ್ಲಿ ಇರುವುದಿಲ್ಲ. ನಾಪೋಕ್ಲಿನ ಅಂಗಡಿಯಿಂದ ಬಣ್ಣದ ಕಾರ್ಡು ತಂದೆ. ಅದರಲ್ಲಿ ಬಿಳಿಯೇ ನಲವತ್ತು ಬಗೆ ಇತ್ತು. ಕೊನೆಗೆ ಹನ್ನೊಂದನ್ನು ಆರಿಸಿ, ಸಣ್ಣ ಡಬ್ಬಿಗಳಲ್ಲಿ ಕಲಸಿಸಿಕೊಂಡು ಬಂದು, ಕಿಟಕಿಯ ಎದುರಿನ ಗೋಡೆಯ ಮೇಲೆ ಒಂದೊಂದು ಅಡಿಯ ಹನ್ನೊಂದು ಚೌಕ ಬಳಿದೆ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ನೋಡಿ ಪುಸ್ತಕದಲ್ಲಿ ಅಂಕ ಹಾಕುತ್ತಿದ್ದೆ. ಬೆಳಿಗ್ಗೆ ಗೆದ್ದದ್ದು ಸಂಜೆ ಸೋಲುತ್ತಿತ್ತು. ಒಂದು ತಿಳಿ ಹಸಿರು ಎಂಟು ಗಂಟೆಗೆ ಎಳೆ ಚಿಗುರಿನಂತಿದ್ದು ಆರು ಗಂಟೆಗೆ ಆಸ್ಪತ್ರೆಯ ಹೊರರೋಗಿ ವಿಭಾಗದಂತಾಗುತ್ತಿತ್ತು.

"ಇದೆಂಥ, ಚೌಕಬಾರನಾ?" ಎಂದಳು ಯಮುನಕ್ಕ ಬಾಗಿಲಲ್ಲಿ ನಿಂತು. "ಕೂಸು ಸರೀ ಕಣ್ಣು ಬಿಟ್ಟು ನೋಡಿಕೇ ಒಂದು ತಿಂಗ ಬೇಕು, ತೀರ್ಥ. ನೀ ಯಾರಿಗೆ ಬಣ್ಣ ಹುಡುಕುದು?"

"ನೋಡಲು ಬರುವ ಬೀಗಿತ್ತಿಗೆ."

"ಶಕುಂತಲಮ್ಮ ಬಣ್ಣ ನೋಡುವ ಹೆಂಗಸಲ್ಲ."

ತೊಟ್ಟಿಲಿಗೆ ತೊಲೆಯಲ್ಲಿ ಒಂದು ಕೊಕ್ಕೆ ಹಾಕಿಸಿದೆ. ಭಾರ ತಡೆಯುತ್ತದೋ ಇಲ್ಲವೋ ನೋಡಲು ಶೆಡ್ಡಿನಿಂದ ಒಂದು ಮೂಟೆ ಪೊಟ್ಯಾಷ್ ತಂದು ಎರಡು ದಿನ ನೇತುಹಾಕಿದೆ. ಅಕ್ಕ ಅದನ್ನು ಕೈಯಿಂದ ಒಮ್ಮೆ ತೂಗಿ, "ಐವತ್ತು ಕೇಜಿ ಕೂಸಾ? ಗೂಡೆ ಗತಿ ಎಂಥ!" ಎಂದು ಅಶ್ವಿತಾಳಿಗಾಗಿ ಮರುಗುತ್ತ ಹೋದಳು.

ಬಣ್ಣ ಬಳಿಯಲು ಬಂದ ಶಶಿಕುಮಾರ್ ಮೊದಲ ದಿನವೇ ಬೆಣ್ಣೆ ಬಣ್ಣ ಎಂದಿದ್ದ. ಹತ್ತೊಂಬತ್ತು ದಿನದ ಅಂಕಗಳನ್ನು ಕೂಡಿಸಿದಾಗ ಬೆಣ್ಣೆ ಬಣ್ಣವೇ ಮುಂದಿತ್ತು.

"ಸಾರ್, ಅಷ್ಟು ದಿನ ಕಾಯಿಸಿದ್ದು ಇದಕ್ಕಾ? ನಾನು ಅವತ್ತೇ ಹೇಳಿಲ್ವಾ?"

"ನೀನು ಹೇಳಿದ್ದು ಊಹೆ."

"ಊಹೆ ಸರಿ ಉಂಟಲ್ಲ ಸಾರ್, ಮತ್ತೆಂತ?"

ಮಂಚದ ತಲೆ ದಕ್ಷಿಣಕ್ಕೆ, ಬಾಗಿಲ ಗಾಳಿ ತಾಗದ ಹಾಗೆ. ಪರದೆಗೆ ದಪ್ಪ ಹತ್ತಿ, ಎರಡು ಸಲ ಬದಲಾಯಿಸಿದ್ದು. ಏಪ್ರಿಲ್ ಕೊನೆಯ ಹೊತ್ತಿಗೆ ಎಲ್ಲ ಮುಗಿಯಿತು. ಗೋಡೆಯ ಮೇಲೆ ಒಂದು ಆರ್ದ್ರತಾಮಾಪಕ ತೂಗುಹಾಕಿದೆ. ಅದು ಶೇಕಡಾ ಐವತ್ತೆರಡು ತೋರಿಸಿತು. ಶಕುಂತಲಮ್ಮ ಮೇ 18ರಂದು ಬರುವುದೆಂದು ಗೊತ್ತಾಯಿತು.

ಮೇ ಎರಡನೆಯ ವಾರ ಮಳೆ ಹಿಡಿಯಿತು. 12ನೇ ತಾರೀಕು ಬೆಳಿಗ್ಗೆ ಬಾಗಿಲು ತೆರೆದಾಗ ಬೆಣ್ಣೆ ಬಣ್ಣದ ಗೋಡೆಯ ಕೆಳಭಾಗ ಕಂದುಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಕೈ ಒದ್ದೆ. ಮೇಲಿನಿಂದ ಸೋರಿದ್ದಲ್ಲ, ಮೇಲೆ ಒಣಗಿಯೇ ಇತ್ತು. ನೆಲದಿಂದ ಏರಿದ ತೇವವೂ ಅಲ್ಲ. ಅದಾಗಿದ್ದರೆ ಅಂಚು ಅಂಕುಡೊಂಕಾಗಿರುತ್ತಿತ್ತು. ಇದರ ಮೇಲಂಚು ಗೆರೆ ಎಳೆದಂತೆ ನೇರ. ಎಡಕ್ಕೆ ಒಂದು ಮೆಟ್ಟಿಲಿನ ಹಾಗೆ ಇಳಿದು ಮತ್ತೆ ನೇರ. ಟೇಪು ಹಿಡಿದೆ. ನೂರ ಮೂವತ್ತು ಸೆಂಟಿಮೀಟರ್. ಎಡಗಡೆ ತೊಂಬತ್ತೇಳು.

ಒಂದು ಸಂಶಯ ಬಂತು. ಬಗ್ಗಿ ಗೋಡೆಯನ್ನು ನಾಲಗೆಯ ತುದಿಯಿಂದ ಮುಟ್ಟಿ ನೋಡಿದೆ. ಉಪ್ಪು, ಹಿಂದೆಯೇ ಕಹಿ.

"ಬಸುರಿ ಯಾರ್, ಗೂಡೆನಾ, ನೀನಾ?"

ಯಮುನಕ್ಕ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು.

"ಪೊಟ್ಯಾಷ್," ಎಂದೆ.

"ಎಂಥ?"

ಹೇಳಿದೆ. ಇಪ್ಪತ್ತಾರು ವರ್ಷ ಮೂಟೆಗಳಿಂದ ಉಪ್ಪು ಗಾರೆಯೊಳಗೆ ಇಳಿದಿದೆ. ಗಾಳಿಯ ಆರ್ದ್ರತೆ ಶೇಕಡಾ ಎಂಬತ್ತನಾಲ್ಕು ದಾಟಿದರೆ ಆ ಉಪ್ಪು ಗಾಳಿಯಿಂದಲೇ ನೀರೆಳೆದುಕೊಂಡು ಕರಗುತ್ತದೆ. ಬೇಸಗೆಯಲ್ಲಿ ಗೋಡೆ ಒಣಗಿರುತ್ತದೆ, ಮಳೆಗಾಲದುದ್ದಕ್ಕೂ ಬೆವರುತ್ತದೆ. ನಾನು ನೀರು ಹಾಕಿ ತೊಳೆದಾಗ ಉಪ್ಪು ಇನ್ನೂ ಒಳಕ್ಕೆ ಹೋಗಿದೆ. ಗೋಡೆಯ ಮೇಲಿನ ಆ ಆಕಾರ ಮೂಟೆಗಳ ರಾಶಿಯದ್ದೇ. ಎಡಗಡೆ ಯಾವಾಗಲೂ ಎರಡು ಸಾಲು ಕಮ್ಮಿ ಪೇರಿಸುತ್ತಿದ್ದೆವು.

ಅಕ್ಕ ಗೋಡೆಯನ್ನೂ ನನ್ನನ್ನೂ ನೋಡಿದಳು. "ಇದು ನಿಂಗೆ ಮೊದ್ಲೇ ಗೊತ್ತಿರೊಕಲ?"

ಗೊತ್ತಿರಬೇಕಿತ್ತು. ಬಿ.ಎಸ್ಸಿ. ಎರಡನೇ ವರ್ಷದ ಪಾಠ ಅದು.

ಶಶಿಕುಮಾರನನ್ನು ಕರೆಸಿದೆ. ಅವನಿಗೆ ಗಾಬರಿಯೇನೂ ಆಗಲಿಲ್ಲ. "ಪಿವಿಸಿ ಪ್ಯಾನೆಲ್ ಹಾಕಿ ಮುಚ್ಚುವ ಸಾರ್. ಒಂದೇ ದಿನದ ಕೆಲಸ. ಮರದ ಡಿಸೈನ್ ಉಂಟು. ಈಗ ಹೋಮ್‌ಸ್ಟೇಯವರೆಲ್ಲ ಅದನ್ನೇ ಹಾಕುದು. ನಿಮ್ಮ ಬೀಗರು ನೋಡಿದ್ರೆ ಫೋಟೋ ತೆಗೀತಾರೆ."

"ಹಿಂದಿನ ನೀರು?"

"ಅದು ಹಿಂದೆ ಅಲ್ವಾ ಸಾರ್?"

ಗಾರೆ ಕೆತ್ತಿ ಹೊಸದಾಗಿ ಬಳಿದರೆ ಆ ಮಳೆಗಾಲದಲ್ಲಿ ಒಣಗಲು ತಿಂಗಳುಗಳೇ ಬೇಕು. 18ಕ್ಕೆ ಆರು ದಿನ ಇತ್ತು. ಪ್ಯಾನೆಲ್ ತರಲು ಹೇಳಿದೆ. ಈ ನಿರ್ಧಾರಕ್ಕೆ ನಾನು ಯಾವ ಪಟ್ಟಿಯನ್ನೂ ಮಾಡಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

14ರಂದು ಆ ಗೋಡೆಯ ಮೇಲೆ ತೇಗದ ಗೆರೆಗಳುಳ್ಳ ಪ್ಲಾಸ್ಟಿಕ್ ಬಂತು. ಚೆನ್ನಾಗಿಯೇ ಕಾಣುತ್ತಿತ್ತು. ಹೊಸಬರು ಯಾರೂ ಏನನ್ನೂ ಊಹಿಸುವಂತಿರಲಿಲ್ಲ. ಕೊನೆಯ ಪ್ಯಾನೆಲ್ ಬಡಿಯುವ ಮೊದಲು ಎರಡನೆಯ ಮಾಪಕವನ್ನು ಅದರ ಹಿಂದೆ ಇಳಿಬಿಡಿಸಿದೆ. ಇಪ್ಪತ್ತನಾಲ್ಕು ಗಂಟೆ ಬಿಟ್ಟು ಹೊರತೆಗೆದು ನೋಡಿದಾಗ ಶೇಕಡಾ ತೊಂಬತ್ತೊಂದು. ಆ ಪ್ಯಾನೆಲಿಗೂ ತೊಟ್ಟಿಲಿನ ಕೊಕ್ಕೆಗೂ ನಡುವೆ ಒಂದು ಮೀಟರ್ ಹತ್ತು ಸೆಂಟಿಮೀಟರ್ ದೂರ. ಪ್ಯಾನೆಲಿನ ಹಿಂದೆ ಕೆಲವೇ ವಾರದಲ್ಲಿ ಬೂಷ್ಟು ಬೆಳೆಯುತ್ತದೆ. ಬೂಷ್ಟು ಹಿಡಿದ ಬೀಜದ ಚೀಲ ಬಿಚ್ಚಿದಾಗ ದೊಡ್ಡವರೇ ಕೆಮ್ಮುವುದನ್ನು ನಾನು ಮೂವತ್ತೊಂದು ವರ್ಷ ನೋಡಿದ್ದೇನೆ.

ಪ್ಯಾನೆಲ್ ಕಳಚಿಸಿದೆ. "ಬೀಗರು ಹೋದ ಮೇಲೆ ತೆಗೀಬಹುದಿತ್ತಲ್ಲ ಸಾರ್," ಎಂದ ಶಶಿಕುಮಾರ್. ಅದು ನನಗೂ ಹೊಳೆದಿತ್ತು. ಆದರೆ ಆಗ ಅವರು ಒಪ್ಪಿ ಹೋಗುವುದು ಬೇರೊಂದು ಕೋಣೆಯನ್ನು. ಮರುದಿನ ಅವನೂ ನಾನೂ ಸೇರಿ ನೂರೈವತ್ತು ಸೆಂಟಿಮೀಟರ್ ಎತ್ತರದವರೆಗೆ ಗಾರೆಯನ್ನೆಲ್ಲ ಕೆತ್ತಿ ತೆಗೆದೆವು. ಕೆಳಗೆ ಕೆಂಪು ಇಟ್ಟಿಗೆ, ಮೇಲೆ ಬೆಣ್ಣೆ ಬಣ್ಣ, ಕಿಟಕಿಗೆ ಹೊಸ ಪರದೆ.

18ರಂದು ಹನ್ನೊಂದು ಗಂಟೆಗೆ ಅಳಿಯ ಚೈತನ್ಯನ ಕಾರಿನಲ್ಲಿ ಶಕುಂತಲಮ್ಮ ಬಂದರು. ಅಶ್ವಿತಾಳೂ ಜೊತೆಗಿದ್ದಳು. ಹೊಟ್ಟೆ ದೊಡ್ಡದಾಗಿತ್ತು, ಪಾದ ಊದಿತ್ತು. ಕಾಫಿ ಕುಡಿದು ನೇರ ಕೋಣೆಗೆ ಕರೆದುಕೊಂಡು ಹೋದೆ. ಅಶ್ವಿತಾ ಇಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

"ಇದೆಂತ ತೀರ್ಥಣ್ಣ, ಗೋಡೆಯ ಚರ್ಮ ಸುಲಿದಿದ್ದೀರಿ?" ಎಂದರು ಶಕುಂತಲಮ್ಮ.

ಇದ್ದದ್ದು ಇದ್ದ ಹಾಗೆ ಹೇಳಿದೆ: ಪೊಟ್ಯಾಷ್, ಎಂಬತ್ತನಾಲ್ಕು, ತೊಂಬತ್ತೊಂದು. ಅವರು ಪೂರ್ತಿ ಕೇಳಿ ಇಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದರು. "ಇಲ್ಲಿ ಆಗ್ಲಿಕ್ಕಿಲ್ಲ," ಎಂದರು. ಸಿಟ್ಟಿನಿಂದಲ್ಲ. ನಾನು ಲ್ಯಾಬಿನಲ್ಲಿ ಒಂದು ಲಾಟು ಬೀಜವನ್ನು ಹಿಂದಕ್ಕೆ ಕಳಿಸುವಾಗಿನ ದನಿಯೇ ಅದು. "ಮುಚ್ಚಿ ತೋರಿಸಲಿಲ್ಲ, ಅದು ನಿಮ್ಮ ದೊಡ್ಡತನ. ಆದ್ರೆ ಆಗ್ಲಿಕ್ಕಿಲ್ಲ."

ಅಶ್ವಿತಾ, "ಕಾಲು ತೊಳೆದು ಬನ್ನೆ," ಎಂದು ಬಚ್ಚಲಿನ ಕಡೆ ಹೊರಟುಹೋದಳು.

ನಾವು ಊಟಕ್ಕೆ ಕೂರುವ ಹೊತ್ತಾದರೂ ಅವಳು ಬರಲಿಲ್ಲ. ಹುಡುಕಿಕೊಂಡು ಹೋದ ಯಮುನಕ್ಕನೂ ಬರಲಿಲ್ಲ. ಶಕುಂತಲಮ್ಮ ಎದ್ದರು, ಹಿಂದೆ ನಾನು. ಬಚ್ಚಲಿನ ಪಕ್ಕದ ಸ್ಯಾಂಪಲ್ ಕೋಣೆಯ ಬಾಗಿಲು ತೆರೆದಿತ್ತು. ಬೆಳಿಗ್ಗೆ ಆರ್ದ್ರತಾಮಾಪಕ ತರಲು ಹೋದಾಗ ನಾನು ಬೀಗ ಹಾಕಲು ಮರೆತಿದ್ದೆ. ಕಪಾಟುಗಳ ಮಧ್ಯೆ ನೆಲದ ಮೇಲೆ, ಬಚ್ಚಲ ಒಲೆಯ ಕಡೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಅಶ್ವಿತಾ ನಿದ್ದೆ ಹೋಗಿದ್ದಳು. ಯಮುನಕ್ಕ ಪಕ್ಕದಲ್ಲಿ ಕುಳಿತು ಅವಳ ಪಾದ ನೀವುತ್ತಿದ್ದಳು.

ಹತ್ತೊಂಬತ್ತು ವರ್ಷಗಳ ಕೊಯ್ಲಿನ ಬೀಜ, ಇನ್ನೂರ ಹದಿನಾಲ್ಕು ಗಾಜಿನ ಬಾಟಲಿಗಳಲ್ಲಿ, ಅಲ್ಲಿದೆ. ಬೀಜ ಕೆಡಬಾರದೆಂದು ಮನೆಯ ಅತ್ಯಂತ ಒಣ ಕೋಣೆಯನ್ನು ಆರಿಸಿದ್ದೆ. ಹಂಡೆಯ ಒಲೆ ಬೆಳಗಿನಿಂದ ಉರಿಯುವುದರಿಂದ ಆ ಗೋಡೆ ಮಳೆಗಾಲದಲ್ಲೂ ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಕುಸುಮಾ ಒಮ್ಮೆ ಆ ಕೋಣೆಯನ್ನು ಕೇಳಿದ್ದಳು. ಬಟ್ಟೆಯ ನೀರು ಬೀಜಕ್ಕೆ ಹೋಗುತ್ತದೆ ಎಂದಿದ್ದೆ. ಅವಳು ಮತ್ತೆ ಕೇಳಲಿಲ್ಲ.

ಶಕುಂತಲಮ್ಮ ಒಳಗೆ ಬಂದು ನಾಲ್ಕು ಗೋಡೆಗೂ ಅಂಗೈ ಇಟ್ಟರು. ಕಿಟಕಿ ತೆರೆದು ಮುಚ್ಚಿದರು. ಒಂದು ಬಾಟಲಿ ಎತ್ತಿ ನೋಡಿದರು. "ಇದೆಂತ, ಕಾಫಿಬೀಜಕ್ಕೆ ಬಾಣಂತನವಾ?"

ಯಮುನಕ್ಕ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಕ್ಕ, ನಿಂಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಫೆಬ್ರವರಿಲೇ ಗೊತ್ತಿತ್ತ್. ಹೇಳಿರೆ ನೀ ಕೇಳ್ತಿದ್ದಾ? ಗುಡಿಸಿಕೆ ಸಾ ಒಳಗೆ ಬುಡ್ದೆ ಇದ್ದಂವ ನೀನ್."

ಮಾತಿಗೆ ಅಶ್ವಿತಾ ಎಚ್ಚರಗೊಂಡಳು. ಸುತ್ತಲೂ ನಿಂತವರನ್ನು ಕಂಡು ಎದ್ದೇಳಲು ನೋಡಿದಳು. "ತಪ್ಪಾತ್ ಅಪ್ಪ, ಬಾಗಿಲು ತೆಗ್ದಿತ್ತ್. ಯಾವ ಬಾಟ್ಲಿನೂ ಮುಟ್ಟಿಲ್ಲೆ."

ನಾನು ಮಾಪಕ ತರಲು ಗೊಬ್ಬರದ ಕೋಣೆಗೆ ಹೋದೆ. ತಿರುಗಿ ಬಂದಾಗ ಶಕುಂತಲಮ್ಮ ಚೈತನ್ಯನಿಗೆ ಮಂಚ ಎಲ್ಲಿ ಬರಬೇಕೆಂದು ಕೈ ತೋರಿಸಿ ಹೇಳುತ್ತಿದ್ದರು. ಯಮುನಕ್ಕ ಅದು ಸರಿಯಲ್ಲ, ಈ ಕಡೆಗೆ ಎನ್ನುತ್ತಿದ್ದಳು. ನನ್ನನ್ನು ಯಾರೂ ಕೇಳಲಿಲ್ಲ.

ಬಾಟಲಿಗಳನ್ನು ಸಾಗಿಸಲು ಮೂರು ದಿನ ಹಿಡಿಯಿತು. ಅವು ಈಗ ಇಟ್ಟಿಗೆಯ ಗೋಡೆಯ ಕೋಣೆಯಲ್ಲಿವೆ. ಈ ಮಳೆಗಾಲ ಕಳೆಯುವುದರೊಳಗೆ ಹೆಚ್ಚಿನವು ಕೆಡುತ್ತವೆ. ಕೊಕ್ಕೆಯನ್ನು ಹೊಸ ಕೋಣೆಯ ತೊಲೆಗೆ ಹಾಕಿಸಿದೆ, ಮೂಟೆ ನೇತುಹಾಕಲಿಲ್ಲ. ಗೋಡೆಗೆ ಬಣ್ಣ ಬಳಿಯಲಿಲ್ಲ. ಹೊಸ ಬಣ್ಣದ ವಾಸನೆ ಹೋಗುವಷ್ಟು ಸಮಯ ಇರಲಿಲ್ಲ. ಕಪಾಟುಗಳಿದ್ದ ಕಡೆ ಗೋಡೆ ಬಿಳಿ, ಉಳಿದ ಕಡೆ ಒಲೆಯ ಹೊಗೆಗೆ ತಿರುಗಿದ ಒಂದು ಹಳದಿ. ಆ ಹಳದಿ ನಾನು ತಂದ ಕಾರ್ಡಿನಲ್ಲಿ ಇಲ್ಲ.

ಮಡಿಕೇರಿಯ ಆಸ್ಪತ್ರೆಯಿಂದ ಅಶ್ವಿತಾ ಜೂನ್ 18, ಬುಧವಾರ, ಬೆಳಿಗ್ಗೆ 11 ಗಂಟೆ 5 ನಿಮಿಷಕ್ಕೆ ಮಗಳನ್ನು ಎತ್ತಿಕೊಂಡು ಮನೆಯೊಳಗೆ ಬಂದಳು. ಯಮುನಕ್ಕ ಒಲೆಗೆ ಇನ್ನೊಂದು ಕೊಳ್ಳಿ ತಳ್ಳಿ ಮಗುವನ್ನು ತೊಟ್ಟಿಲಿಗೆ ಹಾಕಿದಳು. ಜಗಲಿಯಲ್ಲಿಟ್ಟ ಮಾಪಕದಲ್ಲಿ ಆರ್ದ್ರತೆ ಶೇಕಡಾ ತೊಂಬತ್ತಾರು ಇತ್ತು. ತೊಟ್ಟಿಲಿನ ಪಕ್ಕದ್ದರಲ್ಲಿ, ಶೇಕಡಾ ಅರವತ್ತೊಂದು.