ಇಳಿಸುವ ಬಡಿತ

ಮಹಾಲಕ್ಷ್ಮಮ್ಮನ ಕೈಯಿಂದ ಟೊಮೇಟೊ ಚೀಲ ಜಾರಿ ಬಿದ್ದದ್ದು ಶಿರಾದ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ, ಹಾಡುಹಗಲಲ್ಲಿ, ಯಾರದೋ ಮದುವೆ ಮೆರವಣಿಗೆ ಎದುರಿಗೆ ಬಂದಾಗ. ಹೂವು ಸುತ್ತಿದ ಕಾರು, ಅದರೊಳಗೆ ಬೆವರುತ್ತ ಕೂತ ಮದುಮಗ, ಕಾರಿನ ಮುಂದೆ ಟೆಂಪೊ ತುಂಬ ಬೀರುವಿನಷ್ಟೆತ್ತರದ ಕಪ್ಪು ಸ್ಪೀಕರುಗಳು. ಸ್ಪೀಕರುಗಳ ಮುಂದೆ ಹುಡುಗರು ಕುಣಿಯುತ್ತಿದ್ದರು. ಒಬ್ಬನ ತಲೆಗೂದಲು ಅರಿಶಿನದ ಬಣ್ಣ. ಇನ್ನೊಬ್ಬನ ತಲೆ ಎರಡೂ ಪಕ್ಕ ಬೋಳು, ನಡುವೆ ಮಾತ್ರ ಒಂದು ಜುಟ್ಟು. ಅಂಗಿಗಳೋ ಮೊಣಕಾಲಿಗೆ ಬಡಿಯುತ್ತಿದ್ದವು. ಇದರಲ್ಲಿ ಮಹಾಲಕ್ಷ್ಮಮ್ಮ ಗಾಬರಿ ಬೀಳುವಂಥದ್ದು ಏನೂ ಇರಲಿಲ್ಲ. ಆಕೆಯ ಮನೆಯಲ್ಲೇ ಒಬ್ಬಳು ಮೊಮ್ಮಗಳಿದ್ದಾಳೆ. ಅವಳ ಒಂದು ಪ್ಯಾಂಟಿನೊಳಗೆ ಇಡೀ ಸಂಸಾರ ತೂರಿಕೊಂಡು ಇನ್ನೂ ಜಾಗ ಉಳಿಯುತ್ತದೆ.

ಆಕೆಯ ಎದೆ ಧಸಕ್ಕೆಂದದ್ದು ಸ್ಪೀಕರಿನೊಳಗಿನ ಬಡಿತ ಕೇಳಿ. ಮೇಲೆ ಯಂತ್ರದ ಗುಡುಗು, ಅದರ ಮೇಲೆ ಯಾವನೋ ಹುಡುಗ ಉಸಿರು ಬಿಡದೆ ಒದರುತ್ತಿದ್ದ ‘ನಿಲ್ಬೇಡ ಕಣ್ಲಾ, ನಿಲ್ಬೇಡ’ ಎಂಬ ಪದ. ಎಲ್ಲದರ ಅಡಿಯಲ್ಲಿ, ನೀರಿನ ಕೆಳಗಿನ ಕಲ್ಲಿನಂತೆ ಸ್ಪಷ್ಟವಾಗಿ, ತಮಟೆಯ ಬಡಿತ. ಅದು ಹೆಣ ಹೊತ್ತು ನಡೆಯುವಾಗ ಬಡಿಯುವ ಬಡಿತ. ತವರಿನಲ್ಲಿ ಅಪ್ಪ ಬಡಿದದ್ದು, ಸೇರಿದ ಮನೆಯಲ್ಲಿ ಮಾವ ಬಡಿದದ್ದು, ಗಂಡ ಚಿಕ್ಕಹನುಮಯ್ಯ ಪ್ರಾಯದಲ್ಲಿ ಬಡಿದದ್ದು. ಮದುವೆಯ ಬಡಿತ ಬೇರೆ, ದೇವರ ಬಡಿತ ಬೇರೆ, ಇದು ಬೇರೆ. ಮಲಗಿದ್ದಾಗ ಎಬ್ಬಿಸಿ ಕೇಳಿದರೂ ಆಕೆ ತಪ್ಪು ಹೇಳುತ್ತಿರಲಿಲ್ಲ. ಅದನ್ನು ಮದುಮಗನ ಮೂತಿಯ ಮುಂದೆ ಹಾಕಿಕೊಂಡು ಶಿಳ್ಳೆ ಹೊಡೆಯುತ್ತಿದ್ದಾರೆ! ಮದುಮಗನ ಅಮ್ಮನೇ ಸೆರಗು ಸಿಕ್ಕಿಸಿಕೊಂಡು ಎರಡು ಹೆಜ್ಜೆ ಹಾಕಿದಳು!

ಇನ್ನೂ ಒಂದು ಇತ್ತು. ಸಾವಿಗೆ ಆಕೆಯ ಕಡೆಯವರು ಎರಡು ಬಡಿತ ಬಡಿಯುತ್ತಿದ್ದರು. ಚಟ್ಟ ಹೆಗಲೇರಿದಾಗಿನಿಂದ ಹೊರುವ ಬಡಿತ. ಗುಂಡಿಯ ಹತ್ತಿರ ಹೆಣ ಕೆಳಗಿಡುವಾಗ ಇಳಿಸುವ ಬಡಿತ. ಮೊದಲನೆಯದನ್ನು ಶುರು ಮಾಡಿದವನು ಎರಡನೆಯದನ್ನು ಬಡಿಯದೆ ತಮಟೆ ಕೆಳಗಿಡುವಂತಿರಲಿಲ್ಲ. ಇಟ್ಟರೆ ಹೋದವರು ದಾರಿಯಲ್ಲೇ ನಿಂತುಬಿಡುತ್ತಾರೆ ಎಂದು ಆಕೆಯ ಅಪ್ಪ ಹೇಳುತ್ತಿದ್ದ. ಈ ಹಾಡಿನಲ್ಲಿ ಹೊರುವ ಬಡಿತ ಗುಂಡಿಯವರೆಗೆ ಬರುತ್ತಿತ್ತು, ಒಂದು ಗಳಿಗೆ ತಡೆಯುತ್ತಿತ್ತು, ಇನ್ನೇನು ಇಳಿಸಬೇಕು ಅನ್ನುವಾಗ ಹಿಂದಕ್ಕೆ ಹಾರಿ ಮೊದಲಿನಿಂದ ಶುರುವಾಗುತ್ತಿತ್ತು. ಮತ್ತೆ ಅಷ್ಟೇ. ಮತ್ತೆ ಅಷ್ಟೇ. ಯಾರನ್ನೋ ಹೊತ್ತುಕೊಂಡು ಇಳಿಸದೆ ಸುತ್ತಿಸುತ್ತಲೇ ಇದ್ದರು.

ಅರಿಶಿನ ತಲೆಯ ಹುಡುಗ ಕುಣಿತ ಬಿಟ್ಟು ಬಂದು ಟೊಮೇಟೊ ಆರಿಸಿ ಚೀಲಕ್ಕೆ ಹಾಕಿಕೊಟ್ಟ. ಆಕೆ ಅವನ ರಟ್ಟೆ ಹಿಡಿದುಕೊಂಡಳು.

“ಲೇ ಮಗ, ಎಲ್ಲೀದ್ಲಾ ಈ ಹಾಡು?”

“ಅಯ್ಯೋ, ಗೊತ್ತಿಲ್ವೇನಜ್ಜಿ? ನಮ್ ಶಿರಾದ್ದೇ ಕಣಜ್ಜಿ! ಹುಣಸೆಹುಳಿ ಗ್ಯಾಂಗು. ಪಾವಗಡದಾಗೂ ಇದೇ, ಕೊರಟಗೆರೇಲೂ ಇದೇ. ಇವತ್ತು ಸಂಜಿಕೆ ಮಧುಗಿರೀಲಿ ಕಾಂಪಿಟೇಶನ್ನು, ಅವ್ರ ಶೋ ಐತೆ.” ಅವನು ಫೋನು ತೆಗೆದು ತೋರಿಸಿದ. ಗೋಡೆಗೆ ಒರಗಿ ನಿಂತ ಮೂವರು. “ಇವ್ನು ಗೌರೀಶ, ಹಾಡೋನು. ಇವ್ನು ಹಾಲೇಶ. ಬೀಟ್ ಕಟ್ಟಿರೋದು ಮಾತ್ರ ಈ ಅಕ್ಕ. ಅದಕ್ಕೇ ನೋಡು ಎಲ್ರೂ ಬಿದ್ದಿರೋದು.”

ಅವನು ಬೆರಳಿಟ್ಟು ತೋರಿಸಿದ ಅಕ್ಕ ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದಳು. ಮೈಮೇಲೆ ಗ್ಯಾರೇಜಿನವರು ಹಾಕುವ ದೊಗಳೆ ನೀಲಿ ಅಂಗಿ. ಮಹಾಲಕ್ಷ್ಮಮ್ಮ ಮೊದಲು ಗುರುತಿಸಿದ್ದು ಅಂಗಿಯನ್ನು. ಜೇಬಿನ ಹತ್ತಿರ ಸುಟ್ಟು ತೂತಾದಲ್ಲಿ ಆಕೆಯೇ ಹಾಕಿದ ಹೊಲಿಗೆಯಿತ್ತು. ಅದು ತೀರಿಹೋದ ಮಗ ಲಕ್ಷ್ಮೀಪತಿಯ ಅಂಗಿ. ಆಮೇಲೆ ಮುಖ ನೋಡಿದಳು. ಲಕ್ಷ್ಮೀಪತಿಯ ಮಗಳು ಸಂಘಮಿತ್ರಾ.

ಆಟೊದಲ್ಲಿ ಕೂತ ಮೇಲೂ ಆಕೆಗೆ ಅದೇ ಯೋಚನೆ. ಸಾವಿನ ಬಡಿತವೊಂದು ಈ ಲೋಕದಲ್ಲಿ ಯಾರ ಮನೆಯಿಂದಲಾದರೂ ಹೊರಡಲಿ, ತನ್ನ ಮನೆಯಿಂದ ಹೊರಡುವುದು ಹೇಗೆ ಸಾಧ್ಯ? ಆ ಮನೆಯಲ್ಲಿ ತಮಟೆಯ ಹೆಸರೆತ್ತುವಂತಿಲ್ಲ. ಚಿಕ್ಕಹನುಮಯ್ಯ ಹುಡುಗನಾಗಿದ್ದಾಗ, ಪರೀಕ್ಷೆ ಬರೆಯುತ್ತಿದ್ದವನನ್ನು ಬೆಂಚಿನಿಂದ ಎಬ್ಬಿಸಿ ಊರಿನ ದೊಡ್ಡವರೊಬ್ಬರ ಸಾವಿಗೆ ಬಡಿಯಲು ಎಳೆದುಕೊಂಡು ಹೋಗಿದ್ದರು. ಅವನು ಬಡಿದ, ಫೇಲಾದ, ಮತ್ತೆ ಓದಿ ಹೇಗೋ ಶಿರಾದ ಸ್ಕೂಲೊಂದರಲ್ಲಿ ಅಟೆಂಡರ್ ಆದ. ಮನೆಯವರೆಲ್ಲ ಬುದ್ಧನಿಗೆ ಶರಣಾದ ವರ್ಷ ಮೊಳೆಯಲ್ಲಿ ನೇತುಹಾಕಿದ್ದ ತಮಟೆಯನ್ನು ಚಾಕುವಿನಿಂದ ಸೀಳಿ ಮದಲೂರು ಕೆರೆಗೆ ಎಸೆದು ಬಂದ. ಅದಕ್ಕೆ ಮಹಾಲಕ್ಷ್ಮಮ್ಮನ ತಕರಾರಿರಲಿಲ್ಲ. ಎಸೆದದ್ದೇ ಸರಿ ಎಂದು ಆಕೆಯೂ ಅಂದಿದ್ದಳು.

ಆದರೆ ಆರು ವರ್ಷದ ಹಿಂದೆ ಬೈಪಾಸಿನಲ್ಲಿ ಲಾರಿ ತಗುಲಿ ಲಕ್ಷ್ಮೀಪತಿ ಹೋದಾಗ, ಆಕೆ ಗಂಡನ ಕಾಲು ಕಟ್ಟಿಕೊಂಡು ಬೇಡಿದ್ದಳು. ಊರಿನ ಯಾವ್ಯಾವನೋ ಸತ್ತಾಗ ಬಡಿದ ಕೈ, ಹೆತ್ತ ಮಗನಿಗೆ ಒಂದು ಸಲ ಬಡಿಯಲಿ. ನೀವು ಬಡಿಯದಿದ್ದರೆ ಬೇರೆಯವರನ್ನಾದರೂ ಕರೆಸಿ. ನನ್ನ ಮಗನನ್ನು ಮೂಕನ ಹಾಗೆ ಕಳಿಸಬೇಡಿ. ಚಿಕ್ಕಹನುಮಯ್ಯ ತಲೆ ಎತ್ತಲೇ ಇಲ್ಲ. “ಈ ಮನೇಲಿ ಇನ್ಮೇಲೆ ಚರ್ಮ ಬಡಿಯಾಕಿಲ್ಲ,” ಅಂದ, ಅಷ್ಟೇ. ಮೇಣದಬತ್ತಿ ಹಚ್ಚಿದರು, ಬುದ್ಧವಂದನೆ ಹೇಳಿದರು, ಹೊತ್ತುಕೊಂಡು ಹೋದರು. ಅಂದಿನಿಂದ ಮಹಾಲಕ್ಷ್ಮಮ್ಮ ಗಂಡನ ಜೊತೆ ಮಾತು ಬಿಟ್ಟಳು. ಊಟದ ಹೊತ್ತಿಗೆ ಗೋಡೆಗೆ ಹೇಳುತ್ತಿದ್ದಳು, ಗೋಡೆ ಅವನಿಗೆ ಹೇಳಿಕೊಳ್ಳಬೇಕಿತ್ತು. ಕಲ್ಲು ಮನುಷ್ಯ, ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ ಎಂದು ನೆಂಟರಿಷ್ಟರಿಗೆಲ್ಲ ಸಾರಿಕೊಂಡು ಬಂದಿದ್ದಳು.

ಮನೆ ತಲುಪಿದಾಗ ಕಲ್ಲು ಮನುಷ್ಯ ಎಂದಿನಂತೆ ಹಜಾರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ರಸ್ತೆ ನೋಡುತ್ತ ಕೂತಿದ್ದ. ಆಕೆ ಎಂದಿನಂತೆ ಅವನನ್ನು ನೋಡದೆ ದಾಟಿ ಒಳಗೆ ನುಗ್ಗಿದಳು. ಸಂಘಮಿತ್ರಾ ಅದೇ ನೀಲಿ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ಬಿ.ಕಾಂ. ಓದುವ ಹುಡುಗಿ, ಹಣೆಗೆ ಬೊಟ್ಟಿಲ್ಲ, ಕಿವಿಗೆ ನಾಲ್ಕು ಕಡೆ ಚುಚ್ಚಿಸಿಕೊಂಡಿದ್ದಾಳೆ, ಮನೆಯಲ್ಲಿ ಹಾಡು ಕೇಳುವುದು ಕಟ್ಟುವುದು ಎಲ್ಲ ಇಯರ್‌ಫೋನಿನೊಳಗೇ.

“ಅದನ್ನ ನಿಲ್ಸು. ಇವತ್ತು ಮಧುಗಿರೀಲಿ ಆ ಹಾಡು ಹಾಡ್ಬಾರ್ದು,” ಅಂದಳು ಮಹಾಲಕ್ಷ್ಮಮ್ಮ.

“ಏನಾಯ್ತಜ್ಜಿ? ಯಾವ ಹಾಡು?”

“ಯಾವ್ದಾ? ರೋಡಲ್ಲಿ ಮದುವೆ ಗಂಡಿನ ಮುಂದೆ ಹೆಣದ ಬಡಿತ ಬಡೀತಾವ್ರೆ, ಕೇಳುದ್ರೆ ನನ್ ಮೊಮ್ಮಗಳು ಕಟ್ಟಿದ್ದು ಅಂತಾವ್ರೆ! ಸಾವಿನ ಬಡಿತ ಕಣೆ ಅದು, ಸಾವಿಂದು!”

ಹುಡುಗಿಯ ಕೈಯಲ್ಲಿದ್ದ ಕಾಡಿಗೆ ಕಡ್ಡಿ ಅಲ್ಲೇ ನಿಂತಿತು. ಮುಖದ ಬಣ್ಣ ಇಳಿಯಿತು. ಅವಳಿಗೆ ಗೊತ್ತಿರಲಿಲ್ಲ ಎಂಬುದು ನೋಡಿದರೆ ತಿಳಿಯುತ್ತಿತ್ತು. ಗೊತ್ತಾಗುವುದಾದರೂ ಹೇಗೆ? ಅವಳು ಹುಟ್ಟುವ ಮೊದಲೇ ತಮಟೆ ಕೆರೆ ಸೇರಿತ್ತು.

“ಸಾವಿಂದಾ?” ಎಂದಳು, ಮೆಲ್ಲಗೆ.

“ಯಾರೇ ಕೊಟ್ಟಿದ್ದು ನಿಂಗೆ?”

“ಯಾರೂ ಕೊಟ್ಟಿಲ್ಲ ಅಜ್ಜಿ. ನಾನೇ ರೆಕಾರ್ಡ್ ಮಾಡ್ಕೊಂಡೆ. ತಾತಂದು.”

ಮಹಾಲಕ್ಷ್ಮಮ್ಮನ ಕೈ ಮೇಲೆದ್ದಿತು. ಹೊಡೆಯಲಿಲ್ಲ, ಆದರೆ ಹೊಡೆದೇಬಿಡುತ್ತಿದ್ದಳು. “ಸುಳ್ಳು ಬೊಗಳಬ್ಯಾಡ. ಹೆತ್ತ ಮಗ ಸತ್ತಾಗ್ಲೂ ಬಡೀದೋನು ನಿನ್ನ ರೆಕಾಡಿಗೆ ಬಡುದ್ನಾ?”

ಸಂಘಮಿತ್ರಾ ಫೋನಿನಲ್ಲಿ ಏನೋ ಹುಡುಕಿ ಅಜ್ಜಿಯ ಕಿವಿಯ ಹತ್ತಿರ ಹಿಡಿದಳು. ಮೊದಲು ಕಿರ್‌ಕಿರ್ ಎನ್ನುವ ಸದ್ದು. ಹಜಾರದ ಫ್ಯಾನಿನದು, ಅದಕ್ಕೆ ಎಣ್ಣೆ ಬಿಡಿ ಎಂದು ಆಕೆಯೇ ಗೋಡೆಗೆ ನೂರು ಸಲ ಹೇಳಿದ್ದಾಳೆ. ಕುಕ್ಕರಿನ ಶಿಳ್ಳೆ. ಆಮೇಲೆ ಪ್ಲಾಸ್ಟಿಕ್ಕಿನ ಮೇಲೆ ಬೆರಳು, ಉಗುರು, ಅಂಗೈಯ ಅಂಚು. ಹೊರುವ ಬಡಿತ. ಗುಂಡಿಯವರೆಗೆ ಬಂತು, ತಡೆಯಿತು, ಹಿಂದಕ್ಕೆ ಹೋಗಿ ಮತ್ತೆ ಶುರುವಾಯಿತು. ಅದರ ನಡುವೆ ದೂರದಿಂದ ಒಂದು ಹೆಂಗಸಿನ ಒರಟು ದನಿ: “ಉಣ್ಣೋರು ಬಂದು ಉಣ್ಬೋದು. ತಟ್ಟೆ ಇಕ್ಕಿವ್ನಿ.”

ಅದು ಮಹಾಲಕ್ಷ್ಮಮ್ಮನದೇ ದನಿ. ಆಕೆ ಮಂಚದ ಮೇಲೆ ಕೂತಳು.

“ತಾತ ಸುಮ್ನೆ ಕೂತಾಗೆಲ್ಲ ಕುರ್ಚಿ ಕೈ ಮೇಲೆ ಬಡೀತಾನೇ ಇರ್ತಾನೆ ಅಜ್ಜಿ. ದಿನಾ. ನೀನು ಒಂದ್ಸಲನೂ ನೋಡಿಲ್ವಾ?”

ಇಲ್ಲ, ಆಕೆ ನೋಡಿರಲಿಲ್ಲ. ಆರು ವರ್ಷ ಆ ಕಡೆ ಮುಖ ತಿರುಗಿಸಬಾರದೆಂದು ಹಟ ಹಿಡಿದು ಗೆದ್ದಿದ್ದಳು.

ಎರಡೂ ಒಂದೇ ಎಂದು ತೋರಿಸಲು ಹುಡುಗಿ ಹಾಡನ್ನೂ ಹಾಕಿದಳು, ಜೋರಾಗಿ. ತಮಟೆ ಎದ್ದದ್ದೇ ತಡ, ಹಜಾರದಲ್ಲಿ ಕುರ್ಚಿ ಉರುಳಿದ ಸದ್ದಾಯಿತು. ಚಿಕ್ಕಹನುಮಯ್ಯ ಬಾಗಿಲಲ್ಲಿ ಬಂದು ನಿಂತಿದ್ದ.

“ಆರ್ಸು! ಆರ್ಸು ಅದನ್ನ! ಯಾರು ಸತ್ತವ್ರೆ ಅಂತ ಈ ಮನೇಲಿ ಹೊರೋ ಬಡಿತ ಹಾಕಿದೀರಿ? ಅರ್ಧಕ್ಕೇ ಬುಟ್ಟು ಬುಟ್ಟು ಬಡೀತಾವ್ನಲ್ಲ, ಯಾವ ಮುಠ್ಠಾಳ ಬಡುದಿದ್ದು ಇದು?”

ಹುಡುಗಿ ಹಾಡು ನಿಲ್ಲಿಸಿದಳು. ಮಹಾಲಕ್ಷ್ಮಮ್ಮ ಆರು ವರ್ಷದ ಮೇಲೆ ಮೊದಲ ಸಲ ಗಂಡನ ಮುಖವನ್ನು ನೇರವಾಗಿ ನೋಡಿದಳು. ಮುದುಕನಾಗಿಬಿಟ್ಟಿದ್ದ. ಯಾವಾಗ ಆದನೋ.

“ನೀವೇ,” ಅಂದಳು.

ಅವನಿಗೆ ಅರ್ಥವಾಗಲಿಲ್ಲ. ಸಂಘಮಿತ್ರಾ ಕುರ್ಚಿ ಎತ್ತಿ ನಿಲ್ಲಿಸಿ, ಅವನನ್ನು ಕೂರಿಸಿ, ಮೊದಲಿನ ರೆಕಾರ್ಡನ್ನು ಮತ್ತೆ ಹಾಕಿದಳು. ಫ್ಯಾನು. ಕುಕ್ಕರು. ಬೆರಳು. ಚಿಕ್ಕಹನುಮಯ್ಯ ಕೇಳುತ್ತ ಕೇಳುತ್ತ ತನ್ನ ಬಲಗೈಯನ್ನು ಎತ್ತಿ ಹಿಡಿದು ನೋಡಿದ. ಯಾರದೋ ಕೈಯನ್ನು ತಂದು ತನಗೆ ಅಂಟಿಸಿದ್ದಾರೆ ಎನ್ನುವಂತೆ ನೋಡಿದ.

“ನಾನಾ? ನಾನ್ಯಾವಾಗ... ಇಲ್ಲ, ಇಲ್ಲ ಕಣವ್ವ. ನಾನು ಮುಟ್ಟೇ ಇಲ್ಲ.”

“ಅಪ್ಪ ಹೋದಾಗಿಂದ ತಾತ. ಎಂಟನೇ ಕ್ಲಾಸಲ್ಲಿದ್ದಾಗಿಂದ ನಾನು ಕೇಳ್ತಿದೀನಿ. ಏನಂತ ಗೊತ್ತಿರ್ಲಿಲ್ಲ. ಕೇಳಿದ್ರೆ ನಡೀಬೇಕು ಅನ್ಸೋದು, ಅದಕ್ಕೇ ಅದರ ಮೇಲೆ ತಮಟೆ ಸದ್ದು ಕೂರ್ಸಿ ಹಾಡು ಮಾಡ್ದೆ.” ಅವಳು ಅಳುತ್ತಿದ್ದಳು. ಕಾಡಿಗೆ ಕೆನ್ನೆಗಿಳಿದು ಅಪ್ಪನ ಅಂಗಿಗೂ ಹತ್ತಿತು.

ಮಹಾಲಕ್ಷ್ಮಮ್ಮನ ಕಣ್ಣು ಆ ಕೈಯ ಮೇಲೇ ಇತ್ತು. ಅದು ಕುರ್ಚಿಯ ಕೈ ಮೇಲೆ ಇಳಿಯಿತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ, ಅವನು ಬಾಗಿಲ ಕಡೆ ನೋಡುತ್ತಿದ್ದಂತೆಯೇ, ಅವನಿಗೆ ತಿಳಿಯದಂತೆಯೇ, ಬೆರಳುಗಳು ಹೊರಟವು. ಆಕೆ ಅದನ್ನು ಕಣ್ಣಾರೆ ಕಂಡಳು. ಕಲ್ಲಲ್ಲ ಇವನು. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತು ಮಗನನ್ನು ಹೊತ್ತುಕೊಂಡು ನಡೆಯುತ್ತಿದ್ದಾನೆ. ಪಕ್ಕದಲ್ಲೇ ಓಡಾಡಿಕೊಂಡಿದ್ದ ತಾನು ಅವನನ್ನು ಊರೆಲ್ಲ ಆಡಿಕೊಂಡು ಬಂದೆನಲ್ಲ ಎಂದು ಆಕೆಗೆ ನಾಚಿಕೆಯೂ ಸಂಕಟವೂ ಒಟ್ಟಿಗೇ ನುಗ್ಗಿ ಬಂದವು.

ಬಡಿತ ಗುಂಡಿಯವರೆಗೆ ಬಂದು ತಡೆಯಿತು. ಹಿಂದಕ್ಕೆ ಹೋಗಬೇಕೆನ್ನುವಾಗ ಮಹಾಲಕ್ಷ್ಮಮ್ಮ ಎದ್ದು ಹೋಗಿ ತನ್ನ ಅಂಗೈಯನ್ನು ಅವನ ಕೈ ಮೇಲಿಟ್ಟು ಒತ್ತಿ ಹಿಡಿದಳು.

“ಸಾಕು. ಎಷ್ಟು ಅಂತ ಹೊತ್ಕೊಂಡ್ ತಿರುಗ್ತೀರಿ ಅವನ್ನ? ಇಳಿಸ್ಬುಡಿ.”

ಚಿಕ್ಕಹನುಮಯ್ಯ ಆಕೆಯ ಕಡೆ ತಿರುಗಿದ.

“ಇಳಿಸುದ್ರೆ ಹೊಂಟೋಗ್ಬುಡ್ತಾನಲ್ಲ, ಮಾಲಕ್ಷ್ಮೀ.”

ತಮಟೆ ಬೇಡವೆಂದದ್ದು ಹಳೆಯ ಅವಮಾನಕ್ಕೆ ಎಂದು ಆಕೆ ತಿಳಿದಿದ್ದಳು. ಅದೂ ನಿಜವೇ. ಅದರ ಅಡಿಯಲ್ಲಿ ಇದೂ ಇತ್ತು. ಆಕೆ ಅವನ ಕೈ ಬಿಡಲಿಲ್ಲ. ಕುರ್ಚಿಯ ಪಕ್ಕ ನೆಲಕ್ಕೆ ಕೂತು, “ಹೋಗ್ಲಿ. ಪಾಪ, ಸುಸ್ತಾಗೈತೆ ಅವನ್ಗೂ,” ಎಂದಳು. ಆಮೇಲೆ ಅಂಗೈ ಎತ್ತಿದಳು.

ಅವನು ಬಡಿದ. ಈ ಸಲ ಗೊತ್ತಿದ್ದೇ ಬಡಿದ. ಇಳಿಸುವ ಬಡಿತ ನಿಧಾನ, ನಡುನಡುವೆ ಬಿಡುವು ಜಾಸ್ತಿ. ಭಾರವನ್ನು ಜೋಪಾನವಾಗಿ ಕೆಳಗೆ ಇಡುವವರಿಗೆ ಹೊತ್ತು ಬೇಕಲ್ಲ. ಬೆರಳುಗಳು ಅಲ್ಲಲ್ಲಿ ತಡವರಿಸಿದವು. ಹೊರಗೆ ಹಾಲೇಶನ ಓಮ್ನಿ ಬಂದು ಹಾರನ್ ಹೊಡೆಯಿತು. ಒಳಗೆ ಯಾರೂ ಅಲುಗಲಿಲ್ಲ. ಸಂಘಮಿತ್ರಾ ಫೋನನ್ನು ಆರಿಸಿ ಮಂಚದ ಮೇಲೆ ಮಗುಚಿ ಇಟ್ಟು, ಎರಡೂ ಕೈ ಕಟ್ಟಿ ನಿಂತಿದ್ದಳು.

ಬಡಿತ ಮುಗಿದ ಮೇಲೆ ಅವಳು ಬಾಗಿಲಿಗೆ ಹೋದಳು.

“ಇವತ್ತು ಬೇರೆ ಹಾಡು ಹಾಡಣ ಕಣ್ಲಾ ಹಾಲೇಶ.”

“ತಲೆ ಕೆಟ್ಟೈತಾ? ಜನ ಬರ್ತಿರೋದೇ ಅದಕ್ಕೆ. ಸೋತೋಯ್ತೀವಿ ಕಣೆ!”

“ಸೋಲಣ ಬುಡು. ಅದು ಮುಗುದೋಯ್ತು.”

ಮಹಾಲಕ್ಷ್ಮಮ್ಮ ಆ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ. ಆಕೆ ನೆಲದ ಮೇಲೆ ಕೂತು, ಕುರ್ಚಿಯ ಕೈ ಮೇಲಿದ್ದ ಗಂಡನ ಕೈಯನ್ನೇ ನೋಡುತ್ತಿದ್ದಳು. ತುಂಬ ಹೊತ್ತು ನೋಡಿದಳು. ಅದು ಮತ್ತೆ ಶುರುವಾಗಲಿಲ್ಲ.